ಮದುವೆಯಾಗದ ಜೋಡಿಗೆ ವಿವಾಹ ಪ್ರಮಾಣಪತ್ರ ಕೇಳಿದರೆ: ಪ್ರವಾಸಿ ವೀಸಾದ ಅನಿರೀಕ್ಷಿತ ಪ್ರಶ್ನೆಗಳ ಹಿಂದಿನ ಲೆಕ್ಕಾಚಾರ

ಇಬ್ಬರೂ ಒಟ್ಟಿಗೆ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿರುತ್ತಾರೆ. ಪಟ್ಟಿಯಲ್ಲಿದ್ದ ಕಾಗದಗಳನ್ನೆಲ್ಲ ಒಪ್ಪಿಸಿ, ಬೆರಳಚ್ಚು ಕೊಟ್ಟು, ಶುಲ್ಕ ಕಟ್ಟಿ ಬಂದ ಕೆಲವೇ ದಿನಗಳಲ್ಲಿ ಇಮೇಲ್ ಬರುತ್ತದೆ: ಸಹಪ್ರಯಾಣಿಕರೊಂದಿಗಿನ ಸಂಬಂಧದ ದಾಖಲೆಯನ್ನು ಇಂತಿಷ್ಟು ದಿನದೊಳಗೆ ಸಲ್ಲಿಸಿ. ಕೆಲವೊಮ್ಮೆ ಸುತ್ತುಬಳಸಿನ ಮಾತೇ ಇಲ್ಲ, ನೇರವಾಗಿ ವಿವಾಹ ಪ್ರಮಾಣಪತ್ರವನ್ನೇ ಕೇಳಿರುತ್ತಾರೆ. ಮದುವೆಯೇ ಆಗಿಲ್ಲ, ಪ್ರಮಾಣಪತ್ರ ಎಲ್ಲಿಂದ ತರುವುದು? ಗಾಬರಿಯಲ್ಲಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಸಲಹೆ. ಗಂಡ ಹೆಂಡತಿ ಎಂದೇ ಬರೆದುಬಿಡಿ ಎನ್ನುವವರು ಒಬ್ಬರು. ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಎನ್ನುವವರು ಇನ್ನೊಬ್ಬರು. ವರ್ಷಗಳ ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಮುದ್ರಿಸಿ ಲಗತ್ತಿಸಿ ಎನ್ನುವವರೂ ಇದ್ದಾರೆ. ಅರ್ಜಿಯನ್ನೇ ಹಿಂಪಡೆಯಿರಿ ಎನ್ನುವವರು ಕೊನೆಯವರು. ಇವುಗಳಲ್ಲಿ ಮೊದಲನೆಯದು ನಿಜಕ್ಕೂ ಅಪಾಯಕಾರಿ. ಉಳಿದವು ಬಹುಪಾಲು ವ್ಯರ್ಥ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಪ್ರವಾಸಿ ವೀಸಾದ ಕಾನೂನಿನಲ್ಲಿ ‘ಜೋಡಿ’ ಎಂಬ ಅರ್ಜಿದಾರ ಇಲ್ಲ. ಪ್ರತಿಯೊಬ್ಬರೂ ಪ್ರತ್ಯೇಕ ನಮೂನೆ ತುಂಬುತ್ತಾರೆ, ಪ್ರತ್ಯೇಕ ಶುಲ್ಕ ಕಟ್ಟುತ್ತಾರೆ, ಪ್ರತ್ಯೇಕ ತೀರ್ಮಾನ ಪಡೆಯುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಹೋದರೂ ಹೀಗೆಯೇ. ಆದ್ದರಿಂದ ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಅರ್ಜಿ ಬಿದ್ದುಹೋಗುತ್ತದೆ ಎಂಬ ಭಯಕ್ಕೆ ನಿಯಮಗಳಲ್ಲಿ ಆಧಾರವಿಲ್ಲ. ಯುರೋಪಿನ ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಗುಂಪಿಗೆ, ಅನ್ವಯಿಸುವ ವೀಸಾ ಸಂಹಿತೆ (2009ರ 810ನೇ ನಿಯಮಾವಳಿ) ಯಾವ ಯಾವ ಕಾರಣಕ್ಕೆ ವೀಸಾ ನಿರಾಕರಿಸಬಹುದು ಎಂಬುದನ್ನು 32ನೇ ವಿಧಿಯಲ್ಲಿ ಪಟ್ಟಿ ಮಾಡಿದೆ. ಆ ಪಟ್ಟಿಯ ಆಚೆಗಿನ ಕಾರಣ ಕೊಟ್ಟು ನಿರಾಕರಿಸುವಂತಿಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2013ರ ಡಿಸೆಂಬರ್‌ನಲ್ಲಿ ಕೌಶ್ಕಾಕಿ ಪ್ರಕರಣದಲ್ಲಿ ಹೇಳಿತು. ಅವಿವಾಹಿತ ಸ್ಥಿತಿ ಆ ಪಟ್ಟಿಯಲ್ಲಿಲ್ಲ.

ಆದರೆ ಅದೇ ತೀರ್ಪಿಗೆ ಇನ್ನೊಂದು ಮಗ್ಗುಲಿದೆ. ಪಟ್ಟಿಯಲ್ಲಿರುವ ಕಾರಣಗಳು ಅನ್ವಯಿಸುತ್ತವೆಯೋ ಇಲ್ಲವೋ ಎಂದು ತೂಗಿ ನೋಡುವಲ್ಲಿ ಅಧಿಕಾರಿಗೆ ವಿಶಾಲವಾದ ವಿವೇಚನೆ ಇದೆ ಎಂದೂ ನ್ಯಾಯಾಲಯ ಒಪ್ಪಿಕೊಂಡಿತು. ಅರ್ಜಿದಾರ ವಾಪಸಾಗುವುದು ಖಚಿತವೆಂದು ಸಿದ್ಧವಾಗಬೇಕಿಲ್ಲ, ವಾಪಸಾಗುವ ಬಗ್ಗೆ ಸಕಾರಣವಾದ ಅನುಮಾನ ಇರಬಾರದು ಅಷ್ಟೆ. ಅವಿವಾಹಿತ ಜೋಡಿಗಳಿಗೆ ಬರುವ ಹೆಚ್ಚಿನ ಪ್ರಶ್ನೆಗಳು ಹುಟ್ಟುವುದು ಈ ‘ಸಕಾರಣ ಅನುಮಾನ’ ಎಂಬ ಜಾಗದಲ್ಲಿ.

ಕಾಗದ ಕೇಳುವುದೇಕೆ?

ಅಧಿಕಾರಿಯ ಮೇಜಿನ ಮೇಲೆ ಎರಡು ಕಡತಗಳಿವೆ ಎಂದುಕೊಳ್ಳಿ. ಇಬ್ಬರ ಉಪನಾಮ ಬೇರೆ. ಇಬ್ಬರೂ ನಮೂನೆಯಲ್ಲಿ ‘ಅವಿವಾಹಿತ’ ಎಂದು ಗುರುತು ಹಾಕಿದ್ದಾರೆ. ಹೋಟೆಲ್ ಕಾಯ್ದಿರಿಸಿದ್ದು ಒಬ್ಬರ ಹೆಸರಿನಲ್ಲಿ ಮಾತ್ರ. ವಿಮಾನದ ಟಿಕೆಟ್‌ಗೆ ಹಣ ಹೋಗಿರುವುದು ಆಕೆಯ ಕಾರ್ಡಿನಿಂದ. ಆತನ ಬ್ಯಾಂಕ್ ಖಾತೆಯಲ್ಲಿ ಮೂರು ತಿಂಗಳಿಂದ ಅಲ್ಪಸ್ವಲ್ಪ ಹಣವಿದ್ದು, ಅರ್ಜಿಗೆ ಹತ್ತು ದಿನ ಮುಂಚೆ ದೊಡ್ಡ ಮೊತ್ತವೊಂದು ಜಮೆಯಾಗಿದೆ. ಕಳುಹಿಸಿದವರ ಹೆಸರು ಆಕೆಯದು. ಎರಡೂ ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಕಥೆ ಅರ್ಥವಾಗುತ್ತದೆ. ಆತನ ಕಡತವೊಂದನ್ನೇ ಓದಿದವರಿಗೆ ಕಾಣುವುದು ಬೇರೆಯೇ: ಯಾರೋ ಅಪರಿಚಿತರು ಇವನ ಪ್ರವಾಸಕ್ಕೆ ದುಡ್ಡು ಹಾಕುತ್ತಿದ್ದಾರೆ. ಆ ಯಾರೋ ಯಾರು ಎಂದು ಕೇಳುವುದು ಅಧಿಕಾರಿಯ ಕೆಲಸ.

ಕೇಳುವಾಗ ಅವರು ಕೈಗೆ ಸಿಕ್ಕ ಸಿದ್ಧ ವಾಕ್ಯವನ್ನೇ ಬಳಸುತ್ತಾರೆ. ಬೇರೊಬ್ಬರು ಖರ್ಚು ವಹಿಸುವಾಗ ಸಂಬಂಧದ ಪುರಾವೆ ಕೇಳುವುದು ರೂಢಿ. ಪತಿ ಪತ್ನಿಯರಿಗೆ ವಿವಾಹ ಪ್ರಮಾಣಪತ್ರ, ಮಕ್ಕಳಿಗೆ ಜನನ ಪ್ರಮಾಣಪತ್ರ ಎಂದು ಮಾದರಿ ಪತ್ರದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಹಾಗಾಗಿ ‘ವಿವಾಹ ಪ್ರಮಾಣಪತ್ರ ಕೊಡಿ’ ಎಂಬ ಸಾಲನ್ನು ನೀವು ಮದುವೆಯಾಗಿರಲೇಬೇಕು ಎಂಬ ಅಪ್ಪಣೆ ಎಂದು ಓದಬೇಕಿಲ್ಲ. ಅದರಡಿಯಲ್ಲಿರುವ ಪ್ರಶ್ನೆ ಹೆಚ್ಚಾಗಿ ಇವುಗಳಲ್ಲೊಂದು: ಹಣ ಯಾರದು, ಇಬ್ಬರೂ ಹೇಳುವ ಕಥೆ ಒಂದೇ ಆಗಿದೆಯೇ, ಇಬ್ಬರೂ ಹಿಂದಿರುಗುತ್ತೀರಾ. ಉತ್ತರ ಕೊಡಬೇಕಾದದ್ದು ಈ ಪ್ರಶ್ನೆಗೆ. ಕೇಳಿದ ಕಾಗದ ಇಲ್ಲದಿರುವುದು ಅಷ್ಟು ದೊಡ್ಡ ಸಂಗತಿಯಲ್ಲ, ಪ್ರಶ್ನೆ ಉತ್ತರವಿಲ್ಲದೆ ಉಳಿಯುವುದು ದೊಡ್ಡ ಸಂಗತಿ.

ಮೂರನೆಯ ಪ್ರಶ್ನೆ ಜೋಡಿಗಳಿಗೆ ಕೊಂಚ ಬಿಗಿ. ಒಬ್ಬಂಟಿ ಪ್ರಯಾಣಿಕನಿಗೆ ಸಂಗಾತಿ ಊರಿನಲ್ಲಿದ್ದರೆ ಅದು ಹಿಂದಿರುಗಲು ಒಂದು ಕಾರಣ ಎಂದು ಅಧಿಕಾರಿ ಎಣಿಸಬಹುದು. ಇಬ್ಬರೂ ಒಟ್ಟಿಗೆ ಹೊರಟರೆ ಆ ಲೆಕ್ಕ ಅಳಿಸಿಹೋಗುತ್ತದೆ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಂತೂ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ವಲಸೆ ಹೋಗುವ ಉದ್ದೇಶದವರೆಂದೇ ಮೊದಲು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ಇಲ್ಲಿ ಪ್ರೀತಿಯ ಪುರಾವೆಯಿಂದ ಏನೂ ಆಗದು. ಉದ್ಯೋಗ, ಓದು, ಆಸ್ತಿ, ಅವಲಂಬಿತರಾದ ತಂದೆತಾಯಿ, ಹಿಂದಿನ ಪ್ರವಾಸಗಳಿಂದ ಸಮಯಕ್ಕೆ ಮರಳಿದ ದಾಖಲೆ, ಇವು ಇಬ್ಬರಿಗೂ ಬೇರೆ ಬೇರೆಯಾಗಿ ನಿಲ್ಲಬೇಕು. ಒಬ್ಬರ ಗಟ್ಟಿ ಉದ್ಯೋಗ ಇನ್ನೊಬ್ಬರ ವಾಪಸಾತಿಗೆ ಜಾಮೀನಾಗುವುದಿಲ್ಲ ಎಂಬುದನ್ನು ಜೋಡಿಗಳು ಮರೆಯುತ್ತಾರೆ.

ಕೇಳಿದವರು ಯಾರು?

ಅರ್ಜಿ ಸ್ವೀಕರಿಸುವ ಕೇಂದ್ರದ ಸಿಬ್ಬಂದಿ ಬೇರೆ, ತೀರ್ಮಾನಿಸುವ ಅಧಿಕಾರಿ ಬೇರೆ. ಬಹುತೇಕ ದೇಶಗಳು ಅರ್ಜಿ ಪಡೆಯುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿವೆ. ಕಿಟಕಿಯಾಚೆ ಕುಳಿತವರ ಬಳಿ ಇರುವುದು ಒಂದು ಪರಿಶೀಲನಾ ಪಟ್ಟಿ. ‘ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೀರಿ, ಮದುವೆ ಪ್ರಮಾಣಪತ್ರ ಎಲ್ಲಿ?’ ಎಂದು ಅವರು ಕೇಳಿದರೆ ಮದುವೆಯಾಗಿಲ್ಲ, ಹಾಗಾಗಿ ಇಲ್ಲ ಎಂದು ಶಾಂತವಾಗಿ ಹೇಳಿ, ಇರುವ ಕಾಗದಗಳನ್ನು ಸ್ವೀಕರಿಸುವಂತೆ ಕೇಳಬಹುದು. ಷೆಂಗೆನ್ ಸಂಹಿತೆಯ 19ನೇ ವಿಧಿಯ ಪ್ರಕಾರ ಅರ್ಜಿ ಸ್ವೀಕಾರಾರ್ಹವಾಗಲು ಬೇಕಾದದ್ದು ಗಡುವಿನೊಳಗೆ ಸಲ್ಲಿಸಿದ ನಮೂನೆ, ಪಾಸ್‌ಪೋರ್ಟ್, ಭಾವಚಿತ್ರ, ಬೆರಳಚ್ಚು ಮತ್ತು ಶುಲ್ಕ. ಪೂರಕ ದಾಖಲೆ ಕಡಿಮೆ ಎಂಬುದು ಅರ್ಜಿಯನ್ನು ಬಾಗಿಲಲ್ಲೇ ತಿರುಗಿಸಲು ಕಾರಣವಲ್ಲ, ಅದು ತೀರ್ಮಾನದ ಹೊತ್ತಿಗೆ ತೂಕಕ್ಕೆ ಬರುವ ವಿಷಯ. ಕೇಂದ್ರದವರು ‘ದಾಖಲೆ ಅಪೂರ್ಣ’ ಎಂದು ಬರೆದುಕೊಂಡರೆ ಬರೆದುಕೊಳ್ಳಲಿ. ಆ ಕಾಗದ ಏಕಿಲ್ಲ ಎಂದು ವಿವರಿಸುವ ನಿಮ್ಮ ಪತ್ರ ಕಡತದೊಳಗೆ ಹೋಗಿದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಿ.

ದೂತಾವಾಸದಿಂದಲೇ ಬಂದ ಕೋರಿಕೆಗೆ ಬೇರೆ ತೂಕ. ಷೆಂಗೆನ್ ಸಂಹಿತೆಯ 21ನೇ ವಿಧಿ ಸಕಾರಣ ಸಂದರ್ಭಗಳಲ್ಲಿ ಹೆಚ್ಚುವರಿ ದಾಖಲೆ ಕೇಳಲು, ಸಂದರ್ಶನಕ್ಕೆ ಕರೆಯಲು ಅಧಿಕಾರ ಕೊಟ್ಟಿದೆ. ಸಾಮಾನ್ಯವಾಗಿ 15 ದಿನಗಳಲ್ಲಿ ಆಗಬೇಕಾದ ತೀರ್ಮಾನ ಇಂಥ ಸಂದರ್ಭದಲ್ಲಿ 45 ದಿನಗಳವರೆಗೆ ಹೋಗಬಹುದು. ಪ್ರಯಾಣದ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಲು ಅವಕಾಶವಿರುವಾಗ ಕೊನೆಯ ಮೂರು ವಾರಕ್ಕೆ ಬಿಡುವುದೇಕೆ ಎಂಬುದು ನನಗೆ ಇನ್ನೂ ಅರ್ಥವಾಗದ ಸಂಗತಿ. ಅಮೆರಿಕದಲ್ಲಿ ಇದು 221(ಜಿ) ಚೀಟಿಯ ರೂಪದಲ್ಲಿ ಬರುತ್ತದೆ. ತಾಂತ್ರಿಕವಾಗಿ ಅದು ನಿರಾಕರಣೆಯೇ, ಆದರೆ ಕೇಳಿದ ಮಾಹಿತಿಯನ್ನು ಒಂದು ವರ್ಷದೊಳಗೆ ಕೊಟ್ಟರೆ ಹೊಸ ಶುಲ್ಕವಿಲ್ಲದೆ ಕಡತ ಮತ್ತೆ ತೆರೆಯುತ್ತದೆ. ಬ್ರಿಟನ್ ಇದಕ್ಕೆ ತದ್ವಿರುದ್ಧ. ಅಲ್ಲಿನ ಅಧಿಕಾರಿ ಏನನ್ನೂ ಕೇಳದೆ, ಸಲ್ಲಿಸಿದ ಕಾಗದಗಳ ಮೇಲೆಯೇ ತೀರ್ಮಾನ ಕೊಡಬಹುದು, ಪ್ರವಾಸಿ ವೀಸಾ ನಿರಾಕರಣೆಗೆ ಸಾಮಾನ್ಯವಾಗಿ ಮೇಲ್ಮನವಿಯೂ ಇಲ್ಲ. ಆ ಲೆಕ್ಕದಲ್ಲಿ ಕಾಗದ ಕೇಳಿ ಬಂದ ಇಮೇಲ್ ನಿಮ್ಮ ಪಾಲಿನ ಅದೃಷ್ಟ. ಅನುಮಾನ ಏನೆಂದು ಮೊದಲೇ ತಿಳಿಯಿತಲ್ಲ.

ಅಂದಹಾಗೆ, ಇಮೇಲ್ ನಿಜವಾಗಿಯೂ ಅಲ್ಲಿಂದಲೇ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಅರ್ಜಿ ಸಂಖ್ಯೆ ಸರಿಯಿದೆಯೇ, ಅಧಿಕೃತ ವಿಳಾಸವೇ, ಹಣ ಕೇಳುತ್ತಿದ್ದಾರೆಯೇ? ಖಾಸಗಿ ಖಾತೆಗೆ ಹಣ ಕಳುಹಿಸಿ ಎಂದರೆ ಅದು ವಂಚನೆ.

‘ಅವಿವಾಹಿತ’ ಎಂಬ ಗುರುತಿನ ಮುಂದಿನ ತೊಡಕು

ಒಟ್ಟಿಗೆ ವಾಸಿಸುವ ಜೋಡಿಗಳು ಇಲ್ಲಿ ಎಚ್ಚರಿಕೆಯಿಂದ ಓದಬೇಕು. ವೈವಾಹಿಕ ಸ್ಥಿತಿ ಎಂಬ ಖಾನೆಯ ಆಯ್ಕೆಗಳು ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ಷೆಂಗೆನ್ ನಮೂನೆಯಲ್ಲಿ ಅವಿವಾಹಿತ, ವಿವಾಹಿತ, ನೋಂದಾಯಿತ ಸಹಭಾಗಿತ್ವ, ಬೇರ್ಪಟ್ಟವರು, ವಿಚ್ಛೇದಿತರು, ವಿಧುರ ಅಥವಾ ವಿಧವೆ ಎಂಬವುಗಳ ಜೊತೆ ‘ಇತರೆ’ ಎಂಬುದೂ ಇದೆ. ಯಾವ ಸರಕಾರದ ಬಳಿಯೂ ಸಂಬಂಧವನ್ನು ನೋಂದಾಯಿಸದವರಿಗೆ ಇಲ್ಲಿ ಅವಿವಾಹಿತ ಎಂಬುದೇ ಸತ್ಯ. ಕೆನಡಾದಲ್ಲಿ ಹಾಗಲ್ಲ. ದಾಂಪತ್ಯದಂಥ ಸಂಬಂಧದಲ್ಲಿ 12 ತಿಂಗಳು ಎಡೆಬಿಡದೆ ಒಟ್ಟಿಗೆ ವಾಸಿಸಿದವರನ್ನು ಅಲ್ಲಿನ ವಲಸೆ ನಿಯಮ ‘ಕಾಮನ್ ಲಾ’ ಸಂಗಾತಿಗಳೆಂದು ಪರಿಗಣಿಸುತ್ತದೆ, ನಮೂನೆಯಲ್ಲಿ ಅದಕ್ಕೆ ಬೇರೆಯೇ ಆಯ್ಕೆ ಇದೆ. ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ನಮೂನೆಯಲ್ಲೂ ಅವಿವಾಹಿತ, ವಿವಾಹಿತ ಎಂಬ ಎರಡೇ ಆಯ್ಕೆಗಳಿಲ್ಲ. ಅಲ್ಲೂ ‘ಕಾಮನ್ ಲಾ’ ವಿವಾಹ, ಸಿವಿಲ್ ಯೂನಿಯನ್ (ಮದುವೆಯಲ್ಲದಿದ್ದರೂ ಕಾನೂನು ಮಾನ್ಯ ಮಾಡಿದ ಸಹಭಾಗಿತ್ವ) ಎಂಬವು ಇವೆ.

ಹೀಗಾಗಿ ಅದೇ ಇಬ್ಬರು ಒಂದು ದೇಶದ ನಮೂನೆಯಲ್ಲಿ ಅವಿವಾಹಿತರು, ಇನ್ನೊಂದು ದೇಶದ ನಮೂನೆಯಲ್ಲಿ ಸಂಗಾತಿಗಳು. ಎರಡೂ ಸತ್ಯವೇ. ಸಮಸ್ಯೆ ಆಗುವುದು ಇಬ್ಬರು ಒಂದೇ ದೇಶದ ನಮೂನೆಯಲ್ಲಿ ಬೇರೆ ಬೇರೆ ಉತ್ತರ ಕೊಟ್ಟಾಗ. ಆಕೆ ‘ಕಾಮನ್ ಲಾ’ ಎಂದು, ಆತ ಅವಿವಾಹಿತ ಎಂದು ಬರೆದರೆ ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು ಎಂದಾಗುತ್ತದೆ. ನಮೂನೆಗಳನ್ನು ಒಂದೇ ಮೇಜಿನಲ್ಲಿ ಕುಳಿತು ತುಂಬುವುದು, ದಿನಾಂಕ, ವಿಳಾಸ, ಹೋಟೆಲ್, ಖರ್ಚು ಹಂಚಿಕೆಯ ಸಾಲುಗಳನ್ನು ತಾಳೆ ನೋಡುವುದು, ಇಷ್ಟು ಮಾಡಿದರೆ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಹೋಟೆಲ್ ಕಾಯ್ದಿರಿಸುವಾಗ ಇಬ್ಬರ ಹೆಸರನ್ನೂ ಹಾಕಿಸುವುದಕ್ಕೆ ಐದು ನಿಮಿಷವೂ ಬೇಡ.

ಉತ್ತರ ಹೇಗಿರಬೇಕು?

ಕೇಳಿದ ಕಾಗದ ನಿಮ್ಮ ಬಳಿ ಇಲ್ಲದಿದ್ದರೆ, ಅದು ಇಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿ. ಏಕಿಲ್ಲ ಎಂಬುದನ್ನು ಎರಡನೆಯ ಸಾಲಿನಲ್ಲಿ, ಅದರ ಬದಲು ಏನು ಕೊಡುತ್ತಿದ್ದೀರಿ ಎಂಬುದನ್ನು ಮೂರನೆಯದರಲ್ಲಿ. ಮೇಲೆ ಹೇಳಿದ ಜೋಡಿಯಲ್ಲಿ ಆತ ಬರೆಯಬಹುದಾದ ಪತ್ರ ಹೀಗಿರಬಹುದು:

‘ನನ್ನ ಅರ್ಜಿಗೆ ಸಂಬಂಧಿಸಿ ವಿವಾಹ ಪ್ರಮಾಣಪತ್ರ ಕೇಳಿದ್ದೀರಿ. ನಾನೂ ನನ್ನ ಸಹಪ್ರಯಾಣಿಕರೂ ವಿವಾಹಿತರಲ್ಲ, ಆದ್ದರಿಂದ ಅಂಥ ದಾಖಲೆ ಇಲ್ಲ. ನಾವು ಸಂಗಾತಿಗಳು. ಈ ಪ್ರವಾಸದ ವಿಮಾನ ಮತ್ತು ವಸತಿಯ ವೆಚ್ಚವನ್ನು ಅವರು ಭರಿಸುತ್ತಿದ್ದಾರೆ, ದಿನನಿತ್ಯದ ಖರ್ಚು ನನ್ನದು. ನನ್ನ ಖಾತೆಗೆ ಜಮೆಯಾಗಿರುವ ಮೊತ್ತ ಅವರು ಇದೇ ಉದ್ದೇಶಕ್ಕೆ ಕಳುಹಿಸಿದ್ದು. ಅವರ ಸಹಿಯಿರುವ ವೆಚ್ಚ ಹೊಣೆಗಾರಿಕೆ ಪತ್ರ, ಅವರ ಆರು ತಿಂಗಳ ಬ್ಯಾಂಕ್ ವಿವರ, ವೇತನ ಪತ್ರಗಳು, ಇಬ್ಬರ ಹೆಸರೂ ಇರುವ ಹೋಟೆಲ್ ಕಾಯ್ದಿರಿಸುವಿಕೆ, ಒಂದೇ ವಿಳಾಸ ತೋರಿಸುವ ಬಾಡಿಗೆ ಕರಾರು ಲಗತ್ತಿಸಿದ್ದೇನೆ. ಅವರ ವೀಸಾ ಅರ್ಜಿ ಸಂಖ್ಯೆ ಇದು. ನನ್ನ ಕೆಲಸದ ಒಪ್ಪಂದದ ಪ್ರಕಾರ ಪ್ರವಾಸ ಮುಗಿದ ಮರುವಾರ ನಾನು ಹಾಜರಾಗಬೇಕಿದೆ, ಅದರ ಪ್ರತಿಯೂ ಜೊತೆಗಿದೆ.’

ಇದರಲ್ಲಿ ಮುಖ್ಯವಾದದ್ದು ಇನ್ನೊಬ್ಬರ ಅರ್ಜಿ ಸಂಖ್ಯೆ. ಎರಡು ಕಡತಗಳು ಬೇರೆ ಬೇರೆ ಅಧಿಕಾರಿಗಳ ಕೈಗೆ ಹೋಗಿರಬಹುದು. ಸಂಖ್ಯೆ ಕೊಟ್ಟರೆ ಒಂದು ಕಡತದ ಉತ್ತರ ಇನ್ನೊಂದರಲ್ಲಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ದೊಡ್ಡ ಜಮೆಯನ್ನು ತಾನಾಗಿಯೇ ವಿವರಿಸಿರುವುದೂ ಮುಖ್ಯ. ಅಧಿಕಾರಿಯ ಕಣ್ಣಿಗೆ ಅದು ಬಿದ್ದೇ ಬಿದ್ದಿರುತ್ತದೆ, ಅದರ ಬಗ್ಗೆ ಮೌನವಾಗಿದ್ದರೆ ಸಾಲ ಮಾಡಿ ತುಂಬಿದ ಹಣ ಎಂದೇ ಓದಿಕೊಳ್ಳುತ್ತಾರೆ. ಇಂಥ ಪತ್ರ ಒಂದು ಪುಟ ಮೀರಬೇಕಿಲ್ಲ.

ಒಟ್ಟಿಗೆ ವಾಸಿಸದವರಿಗೆ ಬಾಡಿಗೆ ಕರಾರು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಹಿಂದೆ ಜೊತೆಯಾಗಿ ಮಾಡಿದ ಪ್ರವಾಸದ ಟಿಕೆಟ್‌ಗಳು, ಪಾಸ್‌ಪೋರ್ಟ್‌ಗಳಲ್ಲಿ ಒಂದೇ ದಿನಾಂಕದ ಮೊಹರುಗಳು ಸಾಕು. ಇಬ್ಬರೂ ಅವರವರ ಖರ್ಚು ಅವರೇ ನೋಡಿಕೊಳ್ಳುತ್ತಿದ್ದರೆ ಸಂಬಂಧದ ಪುರಾವೆಯ ಅಗತ್ಯವೇ ಇನ್ನೂ ಕಡಿಮೆ. ‘ನನ್ನ ವೆಚ್ಚ ನನ್ನದೇ, ನಾವು ಒಟ್ಟಿಗೆ ಪ್ರಯಾಣಿಸುತ್ತಿದ್ದೇವೆ’ ಎಂಬ ಎರಡು ವಾಕ್ಯ ಮತ್ತು ಸ್ವಂತ ಬ್ಯಾಂಕ್ ವಿವರದಿಂದ ಕೆಲಸ ಮುಗಿಯುತ್ತದೆ. ಎಷ್ಟೋ ಸಲ ಜೋಡಿಗಳು ಬೇಡದ ಪ್ರಾಯೋಜಕತ್ವ ತೋರಿಸಿ ತಾವೇ ಪ್ರಶ್ನೆಯನ್ನು ಕರೆಸಿಕೊಳ್ಳುತ್ತಾರೆ.

ನೋಟರಿ ಅಫಿಡವಿಟ್ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಹೇಳಿಕೆ ಕೊಟ್ಟವರು ಇವರೇ ಎಂಬುದಕ್ಕೆ ನೋಟರಿ ಸಾಕ್ಷಿ, ಹೇಳಿಕೆ ನಿಜ ಎಂಬುದಕ್ಕಲ್ಲ. ಸ್ಪಷ್ಟವಾಗಿ ಅದನ್ನೇ ಕೇಳಿದ್ದರೆ ಮಾಡಿಸಿ. ಕೆನಡಾ ‘ಕಾಮನ್ ಲಾ’ ಸಂಗಾತಿಗಳಿಗೆಂದೇ ಐಎಂಎಂ 5409 ಎಂಬ ಪ್ರಮಾಣ ಹೇಳಿಕೆಯ ನಮೂನೆ ಇಟ್ಟಿದೆ, ಅಲ್ಲಿ ಅದಕ್ಕೆ ಅರ್ಥವಿದೆ. ಕೇಳದಿದ್ದರೂ ಮುದ್ರೆಗಳ ಮೇಲೆ ಮುದ್ರೆ ಒತ್ತಿಸಿ ಕಳುಹಿಸಿದರೆ ಹಣ ನಷ್ಟ. ದಾಖಲೆ ಬೇರೆ ಭಾಷೆಯಲ್ಲಿದ್ದರೆ ಅನುವಾದಕ್ಕೆ ಆ ಹಣ ಹಾಕುವುದು ಮೇಲು. ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಮತ್ತು ಅನುವಾದ ನಿಖರವಾಗಿದೆ ಎಂಬ ದೃಢೀಕರಣವನ್ನು ಬ್ರಿಟನ್ ಬಯಸುತ್ತದೆ.

ಖಾಸಗಿ ಫೋಟೊಗಳು, ನೂರಾರು ಪುಟ ಸಂಭಾಷಣೆ ಕಳುಹಿಸುವುದು ಬೇಡ. ಸಂಬಂಧ ಅಸಲಿಯೇ ಎಂದು ಅಳೆಯುವುದು ನೆಲೆಸಲು ಹೋಗುವ ಸಂಗಾತಿ ವೀಸಾದ ಪರೀಕ್ಷೆ. ಎರಡು ವಾರದ ಪ್ರವಾಸಕ್ಕೆ ಅದು ಅನ್ವಯಿಸುವುದಿಲ್ಲ. ಅದರಲ್ಲೂ ಸಂಬಂಧ ಬಹಿರಂಗವಾದರೆ ಅಪಾಯಕ್ಕೆ ಸಿಲುಕುವ ಸಲಿಂಗಿ ಜೋಡಿಗಳು ಕಾಗದದ ಮೇಲೆ ಎಷ್ಟು ಹೇಳಬೇಕು ಎಂದು ಯೋಚಿಸಬೇಕಾಗುತ್ತದೆ. ಕೇಳದ ವಿವರವನ್ನು ಹೇಳದಿರುವುದು ಸುಳ್ಳಲ್ಲ. ಕೇಳಿದ್ದಕ್ಕೆ ತಪ್ಪು ಉತ್ತರ ಕೊಡುವುದು ಮಾತ್ರ ಸುಳ್ಳು.

ಸುಳ್ಳಿನ ಬೆಲೆ

‘ಗಂಡ ಹೆಂಡತಿ ಎಂದು ಬರೆದುಬಿಡಿ’ ಎಂಬ ಸಲಹೆ ಕೊಟ್ಟವರು ದಂಡ ತೆರುವುದಿಲ್ಲ. ಬ್ರಿಟನ್‌ನಲ್ಲಿ ವೀಸಾ ಅರ್ಜಿಯಲ್ಲಿ ವಂಚನೆ ಸಾಬೀತಾದರೆ ಮುಂದಿನ ಅರ್ಜಿಗಳು 10 ವರ್ಷ ನಿರಾಕರಣೆಗೆ ಗುರಿಯಾಗಬಹುದು. ಕೆನಡಾದಲ್ಲಿ ತಪ್ಪು ನಿರೂಪಣೆಗೆ ಐದು ವರ್ಷಗಳ ಪ್ರವೇಶ ನಿರ್ಬಂಧ. ಆಸ್ಟ್ರೇಲಿಯಾದಲ್ಲಿ ನಕಲಿ ದಾಖಲೆ ಅಥವಾ ದಾರಿತಪ್ಪಿಸುವ ಮಾಹಿತಿಗೆ ಮೂರು ವರ್ಷ. ಅಮೆರಿಕದಲ್ಲಿ ಉದ್ದೇಶಪೂರ್ವಕ ಸುಳ್ಳು ಮಾಹಿತಿಗೆ ಅವಧಿಯೇ ಇಲ್ಲ, ವಿಶೇಷ ವಿನಾಯಿತಿ ಸಿಗದಿದ್ದರೆ ನಿರ್ಬಂಧ ಜೀವಮಾನದ್ದು. ಷೆಂಗೆನ್ ದೇಶಗಳು ಅರ್ಜಿಯ ವಿವರಗಳನ್ನು, ನಿರಾಕರಣೆಯನ್ನೂ ಸೇರಿಸಿ, ತಮ್ಮ ಸಾಮಾನ್ಯ ವೀಸಾ ದತ್ತಾಂಶ ವ್ಯವಸ್ಥೆಯಲ್ಲಿ ಐದು ವರ್ಷ ಇಟ್ಟುಕೊಳ್ಳುತ್ತವೆ. ಇಂದು ಗಂಡ ಹೆಂಡತಿ ಎಂದು ಬರೆದು, ಎರಡು ವರ್ಷದ ನಂತರ ನಿಜವಾಗಿ ಮದುವೆಯಾಗಿ ಅಸಲಿ ಪ್ರಮಾಣಪತ್ರ ಹಿಡಿದುಕೊಂಡು ಹೋದರೆ, ಅದರ ಮೇಲಿನ ದಿನಾಂಕವೇ ಹಳೆಯ ಅರ್ಜಿಯ ವಿರುದ್ಧ ಸಾಕ್ಷಿ ಹೇಳುತ್ತದೆ.

ಸಂಗಾತಿ ಅಲ್ಲಿಯೇ ಇದ್ದರೆ

ಇಬ್ಬರಲ್ಲಿ ಒಬ್ಬರು ಹೋಗಬೇಕಾದ ದೇಶದಲ್ಲಿಯೇ ನೆಲೆಸಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಸಂಬಂಧ ಪ್ರವಾಸದ ಉದ್ದೇಶವೇ ಆಗುತ್ತದೆ, ಮರಳದೇ ಇರಲು ಕಾರಣವೂ ಆಗಬಲ್ಲದು. ಇದನ್ನು ಮುಚ್ಚಿಟ್ಟು ‘ಊರು ನೋಡಲು’ ಎಂದು ಬರೆದು ಹೋಟೆಲ್ ಕಾಯ್ದಿರಿಸಿ ತೋರಿಸುವವರು, ವಿಮಾನ ನಿಲ್ದಾಣದಲ್ಲಿ ‘ಎಲ್ಲಿ ಉಳಿಯುತ್ತೀರಿ’ ಎಂಬ ಪ್ರಶ್ನೆಗೆ ತಡವರಿಸುತ್ತಾರೆ. ಆತಿಥೇಯರ ಹೊಣೆಗೆ ಆಯಾ ದೇಶದ ಅಧಿಕೃತ ಪತ್ರವೇ ಇರುತ್ತದೆ. ಜರ್ಮನಿಯಲ್ಲಿ ವಾಸಿಸುವವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವೆಚ್ಚದ ಹೊಣೆಗಾರಿಕೆ ಘೋಷಣೆ ಮಾಡಬಹುದು, ಫ್ರಾನ್ಸ್‌ನಲ್ಲಿ ಪುರಸಭೆಯಿಂದ ಆತಿಥ್ಯ ದೃಢೀಕರಣ ಪಡೆಯಬೇಕು. ಅಧಿಕಾರಿ ನಂಬುವುದು ಇವನ್ನು.

ಸಂಗಾತಿ ಐರೋಪ್ಯ ಒಕ್ಕೂಟದ ಪ್ರಜೆಯಾಗಿದ್ದು, ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುತ್ತಿದ್ದರೆ 2004ರ 38ನೇ ನಿರ್ದೇಶನ ಬಳಕೆಗೆ ಬರುತ್ತದೆ. ಪತಿ ಪತ್ನಿಯರಿಗೆ ಅಲ್ಲಿ ಉಚಿತ ವೀಸಾದ ಹಕ್ಕೇ ಇದೆ. ಮದುವೆಯಾಗದ ಸಂಗಾತಿಗೆ ಸಿಗುವುದು ‘ಪ್ರವೇಶವನ್ನು ಸುಗಮಗೊಳಿಸಬೇಕು’ ಎಂಬಷ್ಟು ಭರವಸೆ, ಅದೂ ಸಂಬಂಧ ದೀರ್ಘಕಾಲದ್ದೆಂದು ದಾಖಲೆಯಿಂದ ಸಿದ್ಧವಾದರೆ. ಪ್ರವಾಸದ ಮಟ್ಟಿಗೆ ಸಂಬಂಧವನ್ನು ನಿಜವಾಗಿಯೂ ಸಾಬೀತುಪಡಿಸಬೇಕಾದ ಅಪರೂಪದ ಜಾಗ ಇದು. ಜಂಟಿ ಖಾತೆ, ಒಂದೇ ವಿಳಾಸ, ವರ್ಷಗಳ ಉದ್ದಕ್ಕೂ ಹರಡಿದ ದಾಖಲೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ವೀಸಾ ಸಿಕ್ಕ ಮಾತ್ರಕ್ಕೆ ಆ ದೇಶದ ಸ್ಥಳೀಯ ಕಾನೂನು ಜೋಡಿಯನ್ನು ಒಪ್ಪಿತು ಎಂದಲ್ಲ. ಸೌದಿ ಅರೇಬಿಯಾ 2019ರಲ್ಲಿ ವಿದೇಶಿ ಜೋಡಿಗಳಿಗೆ ಸಂಬಂಧದ ಪುರಾವೆ ಇಲ್ಲದೆ ಹೋಟೆಲ್ ಕೋಣೆ ಹಂಚಿಕೊಳ್ಳಲು ಅನುಮತಿಸಿತು. ಇಂಡೊನೇಷ್ಯಾ ವಿರುದ್ಧ ದಿಕ್ಕಿನಲ್ಲಿ ಹೋಗಿ, 2022ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಹೊಸ ದಂಡ ಸಂಹಿತೆಯಲ್ಲಿ ವಿವಾಹೇತರ ಲೈಂಗಿಕ ಸಂಬಂಧವನ್ನು ಅಪರಾಧವಾಗಿಸಿದೆ. ದೂರು ಕೊಡಬಲ್ಲವರು ಪತಿ ಅಥವಾ ಪತ್ನಿ, ತಂದೆತಾಯಿ ಅಥವಾ ಮಕ್ಕಳು ಮಾತ್ರ ಎಂಬುದರಿಂದ ಪ್ರವಾಸಿಗರಿಗೆ ತೊಂದರೆಯಿಲ್ಲ ಎಂದು ಅಲ್ಲಿನ ಸರಕಾರ ಹೇಳಿದೆ. ಹೊರಡುವ ಮುನ್ನ ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಒಬ್ಬರಿಗೆ ಸಿಕ್ಕಿ ಒಬ್ಬರಿಗೆ ಸಿಗದಾಗ

ತೀರ್ಮಾನಗಳು ಪ್ರತ್ಯೇಕವಾದ್ದರಿಂದ ಇದು ಆಗುತ್ತಲೇ ಇರುತ್ತದೆ. ರದ್ದು ಮಾಡಿದರೆ ಹಣ ವಾಪಸು ಬರುವಂಥ ಹೋಟೆಲ್, ಟಿಕೆಟ್‌ಗಳನ್ನೇ ಆರಿಸಿಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೆ. ವೀಸಾ ಸಿಕ್ಕವರು ಒಬ್ಬರೇ ಹೋಗಬಹುದು, ಆದರೆ ಅವರ ಅರ್ಜಿಯಲ್ಲಿದ್ದ ಯೋಜನೆ ಇಬ್ಬರದು. ಗಡಿ ಅಧಿಕಾರಿ ಪ್ರವೇಶದ ಷರತ್ತುಗಳನ್ನು ಮತ್ತೆ ಪರಿಶೀಲಿಸಬಹುದಾದ್ದರಿಂದ ಹೊಸ ಕಾಯ್ದಿರಿಸುವಿಕೆ, ಬದಲಾದ ಯೋಜನೆ ಕೈಯಲ್ಲಿರಬೇಕು. ಖರ್ಚು ವಹಿಸುತ್ತಿದ್ದವರಿಗೇ ವೀಸಾ ಸಿಗದಿದ್ದರೆ, ಹೋಗುವವರು ತಮ್ಮ ಹಣ ಎಲ್ಲಿಂದ ಎಂಬುದನ್ನು ಹೊಸದಾಗಿ ತೋರಿಸಲು ಸಿದ್ಧರಿರಬೇಕು.

ನಿರಾಕರಣೆ ಪಡೆದವರು ಕಾರಣ ಓದದೆ ಮರುದಿನವೇ ಮತ್ತೆ ಅರ್ಜಿ ಹಾಕುವುದು ಸಾಮಾನ್ಯ, ಅದರಿಂದ ಪ್ರಯೋಜನ ಕಡಿಮೆ. ಷೆಂಗೆನ್ ನಿರಾಕರಣೆ ನಿಗದಿತ ನಮೂನೆಯಲ್ಲಿ ಬರುತ್ತದೆ, ಕಾರಣದ ಮುಂದೆ ಗುರುತು ಇರುತ್ತದೆ. ಉದ್ದೇಶ ಸ್ಪಷ್ಟವಾಗಿಲ್ಲ ಎಂದು ಗುರುತು ಹಾಕಿದ್ದರೆ ಪ್ರವಾಸದ ಯೋಜನೆ ಮತ್ತು ಸಹಪ್ರಯಾಣಿಕರ ವಿವರ ಸರಿಪಡಿಸಬೇಕು. ಮಾಹಿತಿ ನಂಬಲರ್ಹವಲ್ಲ ಎಂದಿದ್ದರೆ ಇಬ್ಬರ ನಮೂನೆಗಳನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ತಾಳೆ ತಪ್ಪಿದೆ ಎಂದು ಹುಡುಕಬೇಕು. ಮರಳುವ ಬಗ್ಗೆ ಅನುಮಾನ ಎಂದಿದ್ದರೆ ಸಂಬಂಧದ ಇನ್ನಷ್ಟು ಪುರಾವೆ ಸೇರಿಸುವುದು ನಿಷ್ಪ್ರಯೋಜಕ, ಆ ವ್ಯಕ್ತಿಯ ಸ್ವಂತ ಉದ್ಯೋಗ ಮತ್ತು ಹೊಣೆಗಾರಿಕೆಯ ದಾಖಲೆಗಳು ಬೇಕು. ಮೇಲ್ಮನವಿಯ ಹಕ್ಕಿದೆ, ಅದು ನಿರಾಕರಿಸಿದ ದೇಶದ ಕಾನೂನಿನಂತೆ ನಡೆಯುತ್ತದೆ. ಅದರ ಗಡುವು ಅದೇ ಪತ್ರದಲ್ಲಿ ಇರುತ್ತದೆ, ಓದಿದ ದಿನವೇ ಗುರುತು ಹಾಕಿಕೊಳ್ಳಿ. ಬಹುತೇಕ ದೇಶಗಳ ನಮೂನೆಗಳು ಹಿಂದೆ ಎಲ್ಲಿಯಾದರೂ ವೀಸಾ ನಿರಾಕರಣೆಯಾಗಿದೆಯೇ ಎಂದು ಕೇಳುವುದರಿಂದ, ಕಳುಹಿಸಿದ ಪತ್ರ, ಬಂದ ಇಮೇಲ್, ನಿರಾಕರಣೆಯ ಪ್ರತಿ, ಎಲ್ಲವನ್ನೂ ಇಬ್ಬರೂ ತಮ್ಮ ತಮ್ಮ ಬಳಿ ಇಟ್ಟುಕೊಂಡಿರಬೇಕು.